ಎತ್ತರ ಕತ್ತರಿಸಿದ ಅಗಲ

ಪೂರಿಗಾಲಿ ಸುತ್ತಿನ ಕಾವೇರಿ ಸೀಮೆಯ ಫೋಟೊ ಎಂದರೆ ಈಗ ವೈಡ್‌ಸ್ಕ್ರೀನೇ ಆಗಬೇಕು. ಅಗಲವಾದಷ್ಟೂ ಹೆಚ್ಚು ಕಾಣುತ್ತದೆ ಎಂಬ ನಂಬಿಕೆ. ಲೆಕ್ಕ ಬೇರೆಯೇ ಇದೆ. 3:2 ಅಳತೆಯ ಚಿತ್ರವನ್ನು 16:9ಕ್ಕೆ ಕತ್ತರಿಸಿದರೆ ಎತ್ತರದಲ್ಲಿ ಸುಮಾರು ಶೇ. 16 ಹೋಗುತ್ತದೆ, ಸಿನಿಮಾದ 2.39:1ಕ್ಕೆ ಇಳಿಸಿದರೆ ಶೇ. 37. ಬದಿಗಳಲ್ಲಿ ಒಂದು ಹುಲ್ಲುಕಡ್ಡಿಯೂ ಹೊಸದಾಗಿ ಸೇರುವುದಿಲ್ಲ.

ನಮ್ಮ ಹೊಳೆಯ ಕಥೆ ಇರುವುದೇ ಎತ್ತರದಲ್ಲಿ. ನೀರು ಅಷ್ಟು ಎತ್ತರದಿಂದ ಬೀಳುವುದರಿಂದಲೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಗಗನಚುಕ್ಕಿಯ ತುದಿ, ಬುಡ ಎರಡನ್ನೂ ಕತ್ತರಿಸಿದರೆ ಉಳಿಯುವುದು ಬರಿಯ ನೊರೆಯ ಪಟ್ಟಿ. ತಲಕಾಡಿನ ಪಾತಾಳೇಶ್ವರ ಮರಳಿನ ನಡುವೆ ತಗ್ಗಿನಲ್ಲಿದೆ. ಮೇಲಿನ ಮರಳು ಚೌಕಟ್ಟಿನಿಂದ ಹೊರಬಿದ್ದರೆ ಅದು ಯಾವುದೋ ಊರಿನ ಯಾವುದೋ ಗುಡಿ. ಹೊಳೆಯ ಮೇಲ್ಗಡೆ ರಂಗನತಿಟ್ಟಿನಲ್ಲಿ ಗೂಡಿಗೂ ನೀರಿಗೂ ನಡುವಿನ ಅಂತರವೇ ಕೊಕ್ಕರೆ ಮರಿಗಳ ಆಯಸ್ಸು. ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ತಗ್ಗಿನ ಗೂಡುಗಳು ಮುಳುಗುತ್ತವೆ. ಆ ಅಂತರವೇ ಇಲ್ಲದ ಚಿತ್ರ ನೋಡಿ ಬೆಳೆದವರು, ನೀರು ಏರಿದ ದಿನ ಏನು ಕಳೆಯಿತೆಂದು ಹೇಗೆ ಅರಿತಾರು?

ಕಣ್ಣುಗಳು ಅಕ್ಕಪಕ್ಕ ಇವೆ, ಅಗಲ ನೋಟವೇ ಸಹಜ ಎನ್ನುವವರಿದ್ದಾರೆ. ಕತ್ತೆತ್ತಿ ನೋಡುವುದೂ ಬಗ್ಗಿ ನೋಡುವುದೂ ಅಷ್ಟೇ ಸಹಜ. ಅಗಲವೇ ಬೇಕಿದ್ದರೆ ಕ್ಯಾಮೆರಾವನ್ನು ನಿಲುವಾಗಿ ಹಿಡಿದು ಸಾಲಾಗಿ ನಾಲ್ಕಾರು ಚಿತ್ರ ತೆಗೆದು ಜೋಡಿಸಿ. ಎತ್ತರ ಕಳೆಯದೆ ಅಗಲ ಸಿಗುತ್ತದೆ. ಶ್ರಮ ಹೆಚ್ಚು, ನಿಜ. ಆದರೆ ಟಿವಿಯ ಅಳತೆಗೆ ಹೊಳೆಯನ್ನು ಕತ್ತರಿಸಿ ಅದನ್ನು ವಿಶಾಲ ನೋಟ ಎಂದು ಕರೆಯುವುದು ಸುಳ್ಳು.