ತೆರಪಿಲ್ಲದವರ ತೆರಪಿನ ಶಿಕ್ಷಣ

ಇಂದು ದೂರಶಿಕ್ಷಣವೆಂದು ಕರೆಯಿಸಿಕೊಳ್ಳುವ ವ್ಯವಸ್ಥೆಗೆ ಕನ್ನಡನಾಡಿನ ಜನ ಹಿಂದೆ ಬಳಸುತ್ತಿದ್ದ ಹೆಸರು ‘ಅಂಚೆ ತೆರಪಿನ ಶಿಕ್ಷಣ’. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆಯನ್ನು ತೆರೆದ ಮೇಲೆ ಅದೆಷ್ಟೋ ಮಂದಿ ಗುಮಾಸ್ತರು, ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಗೃಹಿಣಿಯರು ಈ ಮಾರ್ಗದಿಂದ ಪದವೀಧರರಾದರು. ತೆರಪು ಎಂದರೆ ಎಡೆ, ಬಿಡುವು. ಬಿಡುವಿನ ಹೊತ್ತಿನಲ್ಲಿ ಓದತಕ್ಕದ್ದು ಎಂಬ ಧ್ವನಿ ಆ ಹೆಸರಿನಲ್ಲಿಯೇ ಅಡಗಿದೆ. ಕಚೇರಿಯ ಗುಮಾಸ್ತನಿಗೆ ಸಂಜೆಯ ಬಿಡುವುಂಟು. ಉಪಾಧ್ಯಾಯನಿಗೆ ಬೇಸಿಗೆಯ ರಜೆಯುಂಟು. ಕಂಕುಳಲ್ಲಿ ಒಂದು ಕೂಸು, ಸೆರಗು ಹಿಡಿದು ನಿಂತ ಮತ್ತೊಂದು ಕೂಸು ಇರುವ ತಾಯಿಗೆ ತೆರಪು ಎಲ್ಲಿಯದು? ತೆರಪಿನ ಶಿಕ್ಷಣವು ತೆರಪಿಲ್ಲದವರಿಗೆ ದಕ್ಕುವ ಬಗೆ ಹೇಗೆಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಈ ಶಿಕ್ಷಣಕ್ರಮದಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ ಕಾಲೇಜಿನ ಮೆಟ್ಟಿಲೇರದವರಿಗೂ ತನ್ನ ಪದವಿ ಪರೀಕ್ಷೆಗಳನ್ನು ತೆರೆದಿಟ್ಟಿತು. ಆದರೆ ಸ್ತ್ರೀಯರು ಅಲ್ಲಿಯ ಪದವಿಗೆ ಅರ್ಹರೆನಿಸಿಕೊಳ್ಳಲು 1878ರವರೆಗೆ ಕಾಯಬೇಕಾಯಿತು. ಭಾರತದಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಹೇಳಲು ತೊಡಗಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. 1996ರಲ್ಲಿ ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ‘ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ’ ಎಂಬುದು ಅದರ ಧ್ಯೇಯವಾಕ್ಯ. ‘ಎಲ್ಲರಿಗೂ’ ಎಂಬ ಮಾತಿನಿಂದ ವಯಸ್ಸಿನ ಅಡ್ಡಿ ತೊಲಗಿತು. ‘ಎಲ್ಲೆಡೆ’ ಎಂಬ ಮಾತಿನಿಂದ ಊರಿನ ದೂರ ಅಳಿಯಿತು. ಆದರೆ ಓದುವ ಹೊತ್ತನ್ನು ಯಾವ ವಿಶ್ವವಿದ್ಯಾನಿಲಯವೂ ಅಂಚೆಯಲ್ಲಿ ಕಳುಹಿಸಲಾರದು. ಅದನ್ನು ಕೊಡಬೇಕಾದುದು ಮನೆ. ಮನೆಯ ಬೆನ್ನಿಗೆ ನಿಲ್ಲಬೇಕಾದುದು ಊರು.

ಆ ಹೊತ್ತಾದರೂ ಎಷ್ಟು ಬೇಕು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಯುಕ್ತ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಕ್ರಮದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. 2019ರಲ್ಲಿ ಅದು ಆರಂಭಿಸಿದ ಮೂರು ವರ್ಷದ ಬಿ.ಎ. ಪದವಿಗೆ 132 ಕ್ರೆಡಿಟ್‌ಗಳು. ಅಂದರೆ ಒಟ್ಟು 3,960 ಗಂಟೆಗಳು. ಮೂರೇ ವರ್ಷಗಳಲ್ಲಿ ಮುಗಿಸಬೇಕೆಂದರೆ ದಿನವೊಂದಕ್ಕೆ, ಹಬ್ಬ ಹುಣ್ಣಿಮೆಗಳನ್ನೂ ಬಿಡದೆ, ಮೂರೂವರೆ ಗಂಟೆಗೂ ಮಿಕ್ಕು ಓದಬೇಕು. ಅದೇ ಪದವಿಗೆ ಆರು ವರ್ಷಗಳ ಅವಧಿಯನ್ನು ನಿಯಮವೇ ಕೊಟ್ಟಿದೆ. ಆರು ವರ್ಷಗಳಿಗೆ ಹರಡಿಕೊಂಡರೆ ದಿನಕ್ಕೆ ಎರಡು ಗಂಟೆಯೊಳಗೆ ಸಾಕಾಗುತ್ತದೆ. ಎಳೆಯ ಮಕ್ಕಳ ತಾಯಿ ನೆರೆಮನೆಯ ಅವಿವಾಹಿತೆಯೊಡನೆ ಓಟಕ್ಕೆ ನಿಲ್ಲದೆ, ನಿಧಾನದ ದಾರಿ ಹಿಡಿದರೆ ಅದು ಸೋಲಲ್ಲ. ನಿಯಮವು ಕೊಟ್ಟ ಕಾಲವನ್ನು ಬಳಸಿಕೊಳ್ಳುವುದು ವಿವೇಕವೇ ಸರಿ.

ಇನ್ನು, ಅಂಥ ತಾಯಿಯೊಬ್ಬಳ ದಿನಚರಿಯನ್ನು ಕಣ್ಣೆದುರಿಗೆ ತಂದುಕೊಳ್ಳಬಹುದು. ಕೋಳಿ ಕೂಗುವ ಮುನ್ನ ಏಳುತ್ತಾಳೆ. ಪುಸ್ತಕ ತೆರೆಯುವಷ್ಟರಲ್ಲಿ ಮಗ್ಗುಲು ಬರಿದಾದುದನ್ನು ಅರಿತ ಕೂಸು ಅಳುತ್ತದೆ. ನೀರು ತುಂಬಿ, ರೊಟ್ಟಿ ತಟ್ಟಿ, ದೊಡ್ಡ ಮಗುವನ್ನು ಶಾಲೆಗೆ ಕಳುಹಿಸಿ ಕುಳಿತರೆ ನೆಂಟರು ಬರುತ್ತಾರೆ. ಮಧ್ಯಾಹ್ನ ಕೂಸು ಮಲಗಿದ ಅರ್ಧ ಗಂಟೆಯಲ್ಲಿ ಅವಳಿಗೂ ತೂಕಡಿಕೆ. ಈಗ ಪಾಠವು ಮೊಬೈಲಿನಲ್ಲಿಯೂ ಬರುತ್ತದೆ ನಿಜ. ಆ ಮೊಬೈಲು ಅತ್ತ ಮಗುವಿನ ಆಟಕ್ಕೋ ಇತ್ತ ಪತಿಯ ಕೆಲಸಕ್ಕೋ ಬೇಕಾಗಿರುತ್ತದೆ. ರಾತ್ರಿ ಪಾತ್ರೆ ತೊಳೆದು ಮುಗಿಯುವಷ್ಟರಲ್ಲಿ ಎರಡು ಗಂಟೆಯ ಮಾತಿರಲಿ, ಎರಡು ಪುಟಕ್ಕೂ ಶಕ್ತಿ ಉಳಿದಿರುವುದಿಲ್ಲ. ಅಟ್ಟದ ಮೇಲಿನ ಪುಸ್ತಕಕ್ಕೂ ಅಡುಗೆಯ ಒಲೆಗೂ ನಡುವೆ ಇರುವ ಹತ್ತು ಹೆಜ್ಜೆಗಳೇ ನಿಜವಾದ ದೂರ.

‘ಮಕ್ಕಳು ದೊಡ್ಡವರಾಗಲಿ, ಆಮೇಲೆ ಓದಲಿ’ ಎಂದು ಹಿರಿಯರು ಹೇಳುವುದುಂಟು. ಕೂಸಿನ ಆರೈಕೆ ಮೊದಲು ಎಂಬ ಅವರ ಆಶಯ ಗೌರವಾರ್ಹವಾದುದೇ. ಆದರೆ ಸರಕಾರಿ ನೇಮಕಾತಿಗಳಿಗೆ ವಯೋಮಿತಿಯಿದೆ. ಮನೆಯ ಸಾಲಕ್ಕೆ ಗಡುವಿದೆ. ಆಪತ್ತು ಹೇಳಿ ಬರುವುದಿಲ್ಲ. ದುಡಿಯುವ ಕೈಯೊಂದು ಇದ್ದಕ್ಕಿದ್ದಂತೆ ಕುಸಿದ ಮನೆಯಲ್ಲಿ, ಮುಂದೆ ಎಂದೋ ಪಡೆಯಬಹುದಾಗಿದ್ದ ಪದವಿಯಿಂದ ಒಲೆ ಉರಿಯುವುದಿಲ್ಲ. ಅಲ್ಲದೆ ತಾಯಿ ಓದುವುದನ್ನು ಕಾಣುತ್ತ ಬೆಳೆದ ಮಗುವಿಗೆ ‘ಓದು’ ಎಂದು ಬೇರೆ ಹೇಳಬೇಕಾಗುವುದಿಲ್ಲ. ತಾಯಿಯನ್ನು ಮೊದಲ ಗುರುವೆಂದು ಸಭೆಗಳಲ್ಲಿ ಕೊಂಡಾಡುವ ಸಮಾಜವು, ಆ ಗುರುವಿಗೆ ಓದಿಕೊಳ್ಳಲು ದಿನಕ್ಕೊಂದು ಗಂಟೆಯನ್ನಾದರೂ ಬಿಟ್ಟುಕೊಟ್ಟಿದೆಯೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಅಂಚೆಯ ಪದವಿ ಕೀಳು ಎಂಬ ಮತ್ತೊಂದು ಆಕ್ಷೇಪವೂ ಉಂಟು. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣದ ಪದವಿಯು ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಆದಕಾರಣ ಎಚ್ಚರ ಬೇಕಾದುದು ಮಾನ್ಯತೆಯ ವಿಷಯದಲ್ಲಿ. ಶುಲ್ಕ ಕಟ್ಟುವ ಮೊದಲು ಆ ವರ್ಷಕ್ಕೆ, ಆ ವ್ಯಾಸಂಗಕ್ಕೆ ಆಯೋಗದ ಒಪ್ಪಿಗೆ ಇದೆಯೇ ಎಂದು ತಿಳಿದುಕೊಳ್ಳಲೇಬೇಕು. ಕೂಸಿನ ನಿದ್ದೆಯ ನಡುವೆ ಕದ್ದು ಓದಿದ ವರ್ಷಗಳು ಒಂದು ಕಾಗದದ ಕೊರತೆಯಿಂದ ವ್ಯರ್ಥವಾಗಬಾರದು. ಇಂಥ ತಿಳಿವಳಿಕೆಯನ್ನು ಕೊಡಬಲ್ಲವರು ಊರಿನ ಅಧ್ಯಾಪಕರೇ.

ಇಷ್ಟೆಲ್ಲ ತೊಡಕನ್ನು ದಾಟಿ ಪದವಿ ಪಡೆದ ತಾಯಿಗೆ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನಿಸುವುದು ಸ್ತುತ್ಯರ್ಹ. ಆದರೆ ನಡುದಾರಿಯಲ್ಲಿ ನಿಂತುಹೋದವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಅವರಿಗೆ ಬುದ್ಧಿ ಸಾಲದಾಗಿರಲಿಲ್ಲ. ಒಬ್ಬರ ಎರಡು ಕೈಗಳ ನೆರವು ಸಾಲದಾಗಿತ್ತು. ಗೆದ್ದವಳಿಗೆ ಹೊದಿಸುವ ಶಾಲಿಗಿಂತ, ಓದುತ್ತಿರುವವಳ ಕೈಯಿಂದ ಸಂಜೆಯ ಪಾತ್ರೆಗಳನ್ನು ತೆಗೆದುಕೊಳ್ಳುವುದು ಹೆಚ್ಚಿನ ಮರ್ಯಾದೆ. ಪತಿಯಾದವನು ದಿನದಲ್ಲಿ ಒಂದು ಗಂಟೆ ಮಕ್ಕಳನ್ನು ನೋಡಿಕೊಂಡರೆ ಅದು ಹೆಂಡತಿಗೆ ಮಾಡಿದ ಉಪಕಾರವಲ್ಲ, ತನ್ನ ಮಕ್ಕಳಿಗೆ ತಾನು ಸಲ್ಲಿಸಿದ ಕರ್ತವ್ಯ.

ಸರಕಾರವೂ ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಅಧ್ಯಯನ ಕೇಂದ್ರಕ್ಕೆ ಹೋಗಿಬರುವ ಬಸ್ಸಿನ ಖರ್ಚು ಮಹಿಳೆಯರಿಗೆ ಉಳಿಯಿತು. ಅದೇ ವರ್ಷ ಪ್ರಕಟವಾದ ‘ಕೂಸಿನ ಮನೆ’ ಯೋಜನೆಯು ದುಡಿಯಲು ಹೋಗುವ ಗ್ರಾಮೀಣ ತಾಯಂದಿರ ಎಳೆಯ ಮಕ್ಕಳಿಗೆ ನೆರಳಾಗಲು ಹೊರಟಿತು. ದುಡಿಯುವ ತಾಯಿಗೆ ಬೇಕಾದ ನೆರಳು ಓದುವ ತಾಯಿಗೂ ಬೇಕಲ್ಲವೇ?

ಇಲ್ಲಿ ವಿದ್ಯಾಸಂಸ್ಥೆಗಳು ಮಾಡಬಹುದಾದ ಕಾರ್ಯವು ದೊಡ್ಡದೇನೂ ಅಲ್ಲ. ಶಾಲೆಗಳ ಕೊಠಡಿಗಳು ಭಾನುವಾರ ಬೀಗ ಹಾಕಿಕೊಂಡಿರುತ್ತವೆ. ಅವುಗಳಲ್ಲಿ ಎರಡನ್ನು ತೆರೆದರೆ ಸಾಕು: ಒಂದರಲ್ಲಿ ತಾಯಂದಿರು ಓದಲಿ, ಪಕ್ಕದ ಕೊಠಡಿಯಲ್ಲಿ ಮಕ್ಕಳು ಆಡಲಿ. ಮಕ್ಕಳನ್ನು ನೋಡಿಕೊಳ್ಳಲು ಹಳೆಯ ವಿದ್ಯಾರ್ಥಿಗಳು ಸರದಿಯಂತೆ ಬರಬಹುದು. ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟುಗಳಿಗೆ ಮೇಲೆ ಹೇಳಿದ ಬಿ.ಎ. ಪದವಿಯಲ್ಲಿ ನೂರಕ್ಕೆ 30ರಷ್ಟು ಬೆಲೆಯಿದೆ. ಬಹುಕಾಲದ ಮೇಲೆ ಲೇಖನಿ ಹಿಡಿದವರಿಗೆ ಉತ್ತರ ಬರೆಯುವ ಕ್ರಮವನ್ನು ಅಧ್ಯಾಪಕರು ಹೇಳಿಕೊಡಬಹುದು; ಬರೆದುಕೊಡಬಾರದು. ದಾನಿಗಳು ತಮ್ಮ ಹೆಸರಿನ ಕಲ್ಲನ್ನು ಕೂಡಿಸುವ ಕಟ್ಟಡದ ಜೊತೆಗೆ ಒಬ್ಬ ಆಯಾಳ ಸಂಬಳವನ್ನು, ಇಬ್ಬರು ಮೂವರ ಪರೀಕ್ಷಾ ಶುಲ್ಕವನ್ನು ವಹಿಸಿಕೊಳ್ಳಬಹುದು. ಪರೀಕ್ಷೆಯ ದಿನ ಮೂರು ಗಂಟೆಗಳ ಕಾಲ ಹಾಲೂಡುವ ತಾಯಿಯ ಕೂಸನ್ನೆತ್ತಿಕೊಂಡು ಹೊರಗೆ ಹೊಂಗೆಯ ನೆರಳಿನಲ್ಲಿ ಕುಳಿತುಕೊಳ್ಳುವ ಒಬ್ಬ ಅಜ್ಜಿ, ಒಳಗೆ ನಡೆಯುವ ಪರೀಕ್ಷೆಗೆ ಪುಸ್ತಕದಷ್ಟೇ ಅವಶ್ಯಕಳು.

ಅನ್ನವನ್ನೂ ಅಕ್ಷರವನ್ನೂ ದಾಸೋಹವೆಂದು ನೀಡಿ ಬಂದ ಸಂಸ್ಥೆಗಳಿಗೆ ಹೊತ್ತನ್ನು ನೀಡುವುದು ಹೊಸ ಭಾರವಾಗಲಾರದು. ತೆರಪು ತಾನಾಗಿ ದೊರೆಯುವುದಿಲ್ಲ. ಒಬ್ಬರು ಮತ್ತೊಬ್ಬರಿಗೆ ಮಾಡಿಕೊಟ್ಟಾಗ ದೊರೆಯುತ್ತದೆ. ಮುಂದಿನ ಭಾನುವಾರ ಎರಡು ಕೊಠಡಿಗಳ ಬೀಗ ತೆರೆದರೆ, ಆ ಕಾರ್ಯಕ್ಕೆ ಅಲ್ಲಿಯೇ ಆರಂಭ.