ಬಿಸಿಲುಗಾಲದ ಗಾಳ

ನಮ್ಮ ಸೋನಾರ್‌ಪುರದಲ್ಲಿ ಲೂ ಬೀಸತೊಡಗಿತೆಂದರೆ ಕನ್ನಡಿಗರ ಮನೆಗಳಲ್ಲಿ ಟ್ರಂಕುಗಳು ಅಟ್ಟದಿಂದ ಇಳಿಯುತ್ತವೆ. ಊರಿಗೆ ಹೊರಡುವ ಕಾಲ. ಈಚೆಗೆ ಮಕ್ಕಳ ಸಾಮಾನಿನಲ್ಲಿ ಗಾಳದ ಕೋಲೂ ಸೇರಿದೆ. ಅಮೆರಿಕದಲ್ಲಿರುವ ಬಂಧುಗಳ ಮಕ್ಕಳು ಸರೋವರದಲ್ಲಿ ‘ಬಾಸ್’ ಮೀನು ಹಿಡಿದ ಚಿತ್ರ ಕಳಿಸುತ್ತಾರೆ. ಅಜ್ಜನ ಊರಿನ ಕೆರೆಯಲ್ಲಿ ಅದು ಸಿಕ್ಕೀತೆ, ಈ ಬಿಸಿಲಿಗೆ ಯಾವ ಎರೆ ಕಟ್ಟಬೇಕು ಎಂದು ಇವರ ಪ್ರಶ್ನೆ. ಮೀನಿನ ಮಾತು ಬೇಡವೆನ್ನುವ ವಾಚಕರು ಪುಟ ತಿರುವಬಹುದು. ಆದರೆ ಬೆಂಗಾಲಿ ಟೋಲಾದ ಮಗ್ಗುಲಲ್ಲೇ ಮನೆ ಮಾಡಿಕೊಂಡ ನಮಗೆ ಆ ಭಾಗ್ಯವಿಲ್ಲ.

ಬಾಸ್ ಉತ್ತರ ಅಮೆರಿಕದ ಮೀನು, ನಮ್ಮ ಕೆರೆಗಳದಲ್ಲ. ಬೇಸಗೆಯಲ್ಲಿ ಅದು ಗಾಳ ಕಚ್ಚುವುದಿಲ್ಲ ಎಂಬ ಮಾತನ್ನೂ ನಂಬಬೇಕಾಗಿಲ್ಲ. ದೊಡ್ಡಬಾಯಿ ಬಾಸಿನ ಹೆಸರಾಂತ ದಾಖಲೆಗಳೆರಡೂ ಬೇಸಗೆಯವೇ. 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್ಗೊಮರಿ ಸರೋವರದಲ್ಲಿ ಜಾರ್ಜ್ ಪೆರ್ರಿ, 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ. ಇಬ್ಬರಿಗೂ ಸಿಕ್ಕಿದ್ದು ಹತ್ತು ಕಿಲೋ ಮೀರಿದ ಮೀನು. ಪೆರ್ರಿ ಕಟ್ಟಿದ್ದು ಹುಸಿ ಎರೆ, ಕುರಿತಾ ಕಟ್ಟಿದ್ದು ಜೀವಂತ ಮೀನು.

ಸೆಕೆಗಾಲದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎರೆಯದಲ್ಲ, ಉಸಿರಿನದು. ಒಂದು ಲೀಟರ್ ತಿಳಿನೀರು 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಮೈ ಬಿಸಿಯಾದ ಮೀನಿಗಾದರೋ ಮೊದಲಿಗಿಂತ ಹೆಚ್ಚು ಬೇಕು. ವರಮಾನ ಇಳಿದು ಖರ್ಚು ಏರಿದ ಸಂಸಾರ, ತಿಂಗಳ ಕೊನೆಯ ವಾರದ ನಮ್ಮ ಮನೆಯ ಹಾಗೆ! ಆಗ ಅದು ಓಡಾಟ ಕಡಿಮೆ ಮಾಡುತ್ತದೆ. ನಡುಹಗಲಿನಲ್ಲಿ ನೆರಳಿಗೋ, ತುಸು ಆಳಕ್ಕೋ ಸರಿಯುತ್ತದೆ. ತೀರ ತಳಕ್ಕೆ ಹೋಗದು. ಆಳವಾದ ಸರೋವರದ ತಳದಲ್ಲಿ ತಂಪಿದ್ದರೂ ಉಸಿರಿಲ್ಲ. ಆದ್ದರಿಂದ ಬಾಸ್ ಹಿಡಿಯುವವರು ಬೆಳಗು ಬೈಗುಗಳಲ್ಲಿ ನೀರ ಮೇಲೆ ಚಿಮ್ಮುವ ಎರೆಯನ್ನೂ, ಮಧ್ಯಾಹ್ನ ಮೆದು ರಬ್ಬರಿನ ಹುಳುವನ್ನೂ ಕಟ್ಟಿ ನಿಧಾನವಾಗಿ ಎಳೆಯುತ್ತಾರೆ.

ನಮ್ಮ ಕೆರೆಗಳಲ್ಲಿ ಬಾಸಿನ ಗದ್ದುಗೆಯಲ್ಲಿ ಕುಳಿತಿರುವುದು ಕೊರವ, ಕುಚ್ಚು ಎಂದೆಲ್ಲ ಕರೆಯುವ ಹಾವಿನ ತಲೆಯ ಮೀನು. ನೆರೆಯ ಬಂಗಾಳಿಗಳ ‘ಶೋಲ್’ ಇದೇ ಬಳಗದ್ದು. ಇದೂ ಬಾಸಿನಂತೆ ಜೊಂಡಿನ ಮರೆಯಲ್ಲಿ ಹೊಂಚುಹಾಕಿ ಎರಗುವ ಜಾತಿ. ಆದರೆ ಇದು ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುತ್ತದೆ. ಮೇಲೆ ಬರದಂತೆ ತಡೆದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಕಾದ ಕೆರೆ ಬೇರೆ ಮೀನಿಗೆ ಸಂಕಟವಾದರೆ ಇದಕ್ಕೆ ಮನೆ. ಪಾಚಿಗಟ್ಟಿದ ಕೆರೆಯಲ್ಲಿ ನಸುಕಿಗೆ ಕೆಂಡೆ, ಕಾಟ್ಲಾಗಳು ಬಾಯಿ ತೆರೆದು ತೇಲುವುದುಂಟು. ಅದು ಹಸಿವೆಯಲ್ಲ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ನೀರಿನ ಆಮ್ಲಜನಕ ಆ ಹೊತ್ತಿಗೆ ತೀರ ಇಳಿದಿರುತ್ತದೆ. ಅಂಥಲ್ಲಿ ಗಾಳ ಇಳಿಸುವುದು ನಮಗೆ ಸರಿಕಾಣದು.

ಕೊರವನಿಗೆ ಕಪ್ಪೆಯೇ ಎರೆ. ಹಿಂದಿನವರು ಜೀವಂತ ಕಪ್ಪೆ ಪೋಣಿಸುತ್ತಿದ್ದರು. ಗದ್ದೆಯ ಹುಳು ತಿನ್ನುವ ಕಪ್ಪೆ ಕಡಿಮೆಯಾದೀತೆಂದು ಸರಕಾರ 1987ರಲ್ಲಿ ಕಪ್ಪೆಗಾಲಿನ ರಫ್ತನ್ನೇ ನಿಲ್ಲಿಸಿತು. ಆಟಕ್ಕೆಂದು ನಾವೇಕೆ ಅದನ್ನು ಕೊಲ್ಲಬೇಕು? ಟೊಳ್ಳು ರಬ್ಬರಿನ ಕಪ್ಪೆ ಪೇಟೆಯಲ್ಲಿ ಸಿಗುತ್ತದೆ. ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಜೊಂಡಿಗೆ ಸಿಕ್ಕುವುದಿಲ್ಲ. ತಾವರೆ ಎಲೆಯ ಮೇಲೆ ಎಸೆದು, ತಡೆತಡೆದು ಎಳೆಯಬೇಕು. ನೀರು ‘ಗುಳುಕ್’ ಎಂದೊಡನೆ ಕೋಲು ಜಗ್ಗುವುದು ಹುಡುಗರ ಅವಸರ. ಮೀನು ಕಪ್ಪೆಯನ್ನು ಪೂರಾ ಬಾಯಿಗೆ ತೆಗೆದುಕೊಳ್ಳುವವರೆಗೆ ಒಂದೆರಡು ಕ್ಷಣ ತಾಳಬೇಕು.

ಮಳೆ ಹಿಡಿದ ಮೇಲೆ ರಜೆಯುಳ್ಳವರಿಗೆ ಒಂದು ಮಾತು. ಜೊಂಡಿನ ನಡುವೆ ಕೆಂಪು ಮರಿಗಳ ಗುಂಪು ಕುದಿವ ಎಸರಿನಂತೆ ಮೇಲೆ ಕೆಳಗೆ ಆಡುತ್ತಿದ್ದರೆ ಕೆಳಗೆ ತಾಯಿತಂದೆ ಕಾವಲಿವೆ ಎಂದು ತಿಳಿಯಿರಿ. ಅಲ್ಲಿ ಯಾವ ಎರೆ ಎಸೆದರೂ ಎರಗುತ್ತವೆ; ತಿನ್ನಲೆಂದಲ್ಲ, ಓಡಿಸಲೆಂದು. ಸುಲಭದ ಬೇಟೆ ಎಂದು ಕೆಲವರು ಅದನ್ನೇ ಹುಡುಕಿಕೊಂಡು ಹೋಗುವುದುಂಟು. ದೊಡ್ಡವು ಹೋದರೆ ಮರಿಗಳು ಉಳಿದ ಮೀನುಗಳ ಬಾಯಿಗೆ ತುತ್ತು. ಆ ಜಾಗ ಬಿಟ್ಟು ಮುಂದೆ ನಡೆಯುವಂತೆ ಮಕ್ಕಳಿಗೆ ಮೊದಲೇ ಹೇಳಿ ಕಳಿಸಬೇಕು.

ಹಲವು ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರನನ್ನು ಕೇಳದೆ ಗಾಳ ಹಾಕಿದರೆ ಅಜ್ಜನಿಗೆ ಪಂಚಾಯಿತಿಯಲ್ಲಿ ಮುಖಭಂಗ. ನೀರು ಹಿಂದೆ ಸರಿದ ಕೆರೆಯಂಗಳ ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು. ಮಕ್ಕಳು ಏರಿಯ ಮೇಲಿಂದಲೇ ಎಸೆಯಲಿ.