ಐಪಿ ವಿಳಾಸದ ಕೊನೆಯ ಭಾಗ ಅಳಿಸಿದರೆ ಸಾಕೇ?

ನಾವು ಯಾವುದೇ ಜಾಲತಾಣವನ್ನು ತೆರೆದಾಗ ನಮ್ಮ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೂ ನಮ್ಮ ಸಂಪರ್ಕದ ಐಪಿ ವಿಳಾಸ, ಬಂದ ಸಮಯ, ಓದಿದ ಪುಟ ಇವೆಲ್ಲ ಸಾಮಾನ್ಯವಾಗಿ ಅಲ್ಲಿನ ಸರ್ವರ್‌ನಲ್ಲಿ ದಾಖಲಾಗುತ್ತವೆ. ಇವು ಬರೀ ಅಂಕಿಗಳು ತಾನೇ ಎಂದು ಸುಮ್ಮನಿರಬಹುದೇ?

ಜರ್ಮನಿಯ ರಾಜಕಾರಣಿ ಪ್ಯಾಟ್ರಿಕ್ ಬ್ರೇಯರ್ ಸುಮ್ಮನಿರಲಿಲ್ಲ. ಸರಕಾರಿ ತಾಣಗಳು ತಮ್ಮ ಐಪಿ ವಿಳಾಸವನ್ನು ದಾಖಲಿಸಿಡುವುದನ್ನು ಅವರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2016ರ ಅಕ್ಟೋಬರ್ 19ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ತೀರ್ಪು ನೀಡಿತು. ಇಂಟರ್‌ನೆಟ್ ಸೇವಾ ಸಂಸ್ಥೆಯ ಮೂಲಕ ವ್ಯಕ್ತಿಯನ್ನು ಗುರುತಿಸಲು ಕಾನೂನಿನ ದಾರಿ ಇದ್ದರೆ, ಬದಲಾಗುತ್ತಿರುವ ಐಪಿ ವಿಳಾಸವೂ ವೈಯಕ್ತಿಕ ಮಾಹಿತಿಯೇ ಎಂದಿತು. ತಾಣದ ರಕ್ಷಣೆಗಾಗಿ ಅದನ್ನು ಇಟ್ಟುಕೊಳ್ಳಲು ನ್ಯಾಯವಾದ ಕಾರಣವಿರಬಹುದು ಎಂಬುದನ್ನೂ ಒಪ್ಪಿತು. 2018ರ ಮೇ 25ರಿಂದ ಅಲ್ಲಿ ಜಿಡಿಪಿಆರ್ ಕಾನೂನು ಜಾರಿಯಲ್ಲಿದೆ. 2022ರ ಜನವರಿಯಲ್ಲಿ ಮ್ಯೂನಿಕ್‌ನ ನ್ಯಾಯಾಲಯವೊಂದು, ಅಕ್ಷರ ವಿನ್ಯಾಸಕ್ಕಾಗಿ ಓದುಗನ ಐಪಿ ವಿಳಾಸವನ್ನು ಒಪ್ಪಿಗೆಯಿಲ್ಲದೆ ಗೂಗಲ್‌ಗೆ ತಲುಪಿಸಿದ ತಾಣದ ಒಡೆಯನಿಗೆ 100 ಯೂರೋ ಪರಿಹಾರ ನೀಡುವಂತೆ ಆದೇಶಿಸಿತು.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಪರಿಹಾರ ಸರಳ. 203.0.113.47 ಎಂಬ ವಿಳಾಸದ ಕೊನೆಯ ಭಾಗವನ್ನು ಸೊನ್ನೆ ಮಾಡಿ 203.0.113.0 ಎಂದು ಬರೆದಿಡುವುದು. ಆಗ ಓದುಗನು 256 ವಿಳಾಸಗಳ ಗುಂಪಿನಲ್ಲಿ ಒಬ್ಬನಾಗುತ್ತಾನೆ. ಕೆಲವರು ವಿಳಾಸವನ್ನು ಹ್ಯಾಶ್ ಎಂಬ ಸಂಕೇತವಾಗಿ ಬದಲಿಸಿ ನಿಶ್ಚಿಂತರಾಗುತ್ತಾರೆ. ಆದರೆ ಈ ಬಗೆಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಕಂಪ್ಯೂಟರ್ ಒಂದೊಂದನ್ನೇ ಪರೀಕ್ಷಿಸಿ ಮೂಲ ವಿಳಾಸವನ್ನು ಹುಡುಕಬಲ್ಲದು. ಕೊನೆಯ ಭಾಗ ಅಳಿಸಿದರೂ ಸಮಯ, ಊರು, ಬ್ರೌಸರ್‌ನ ವಿವರ ಜೊತೆಗಿದ್ದರೆ ಮರೆ ತೆಳುವಾಗುತ್ತದೆ. ಆದ್ದರಿಂದ ಬರೆದಿಟ್ಟ ಮೇಲೆ ಅಳಿಸುವುದಕ್ಕಿಂತ ಬರೆಯುವ ಮೊದಲೇ ಕತ್ತರಿಸುವುದು ಲೇಸು.

ನಮ್ಮ ದೇಶದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಇನ್ನೊಂದೆಡೆ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಲಾಗ್ ದಾಖಲೆಗಳನ್ನು 180 ದಿನ ಕಾದಿಡಬೇಕೆಂದು ನಿರ್ದೇಶಿಸಿದೆ. ಇವೆರಡೂ ಪರಸ್ಪರ ವಿರುದ್ಧವೆಂದು ನಮಗನಿಸುವುದಿಲ್ಲ. ಎಷ್ಟು ಜನ ಓದಿದರೆಂಬ ಲೆಕ್ಕಕ್ಕೆ ಪೂರ್ಣ ವಿಳಾಸ ಬೇಕಿಲ್ಲ. ರಕ್ಷಣೆಯ ದಾಖಲೆಯನ್ನು ಪ್ರತ್ಯೇಕವಾಗಿ ಬೀಗ ಹಾಕಿಟ್ಟು, ಅವಧಿ ಮುಗಿದಾಗ ಅಳಿಸಬಹುದು.

ಮನೆಯಲ್ಲಿ ಹಿಂಸೆ ಅನುಭವಿಸುವ ಹೆಣ್ಣುಮಗಳೊಬ್ಬಳು ನಡುರಾತ್ರಿ ಸಹಾಯದ ಪುಟವೊಂದನ್ನು ಓದಿರಬಹುದು. ಆ ಅಂಕಿಗಳ ಹಿಂದೆ ಇರುವುದು ಅವಳ ಭಯ ಮತ್ತು ಭರವಸೆ. ಕರಾವಳಿಯ ಶಾಲೆ, ಆಸ್ಪತ್ರೆ, ಸಂಘಸಂಸ್ಥೆಗಳ ತಾಣ ನಡೆಸುವವರು ಇಂದೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಮ್ಮಲ್ಲಿಗೆ ಬಂದವರ ಬಗ್ಗೆ ನಾವು ಏನೇನು ಬರೆದಿಡುತ್ತಿದ್ದೇವೆ, ಅದು ನಮಗೆ ನಿಜವಾಗಿಯೂ ಬೇಕೇ?